ವೃತ್ತ, ಚೌಕ, ತ್ರಿಕೋನ: ಮಗುವಿಗೆ ಆಕಾರ ಕಲಿಸುವ ಬಗೆ

(ವರ್ತನಾ ಚಿಕಿತ್ಸೆ ಪಡೆಯುತ್ತಿರುವ ಮಕ್ಕಳ ಪೋಷಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್.ಪುರ, ಹೀಗೆ ಬೆಂಗಳೂರಿನ ಪೂರ್ವ ಭಾಗದ ಬೇರೆ ಬೇರೆ ಬಡಾವಣೆಗಳಿಂದ ಕೆಲಸ ಬಿಟ್ಟು, ಎರಡು ಬಸ್ಸು ಬದಲಾಯಿಸಿ ತಾವು ಬಂದಿದ್ದೀರಿ. ತಮ್ಮಲ್ಲಿ ಕೆಲವರ ಮಕ್ಕಳಿಗೆ ಆಟಿಸಂ ಇದೆಯೆಂದು ವೈದ್ಯರು ಹೇಳಿದ್ದಾರೆ. ಕೆಲವರ ಮಕ್ಕಳಿಗೆ ಬುದ್ಧಿ ಬೆಳವಣಿಗೆ ನಿಧಾನವಾಗಿದೆ. ಇನ್ನು ಕೆಲವರಿಗೆ ಏನೆಂದು ಇನ್ನೂ ಖಚಿತವಾಗಿಲ್ಲ, ಮಾತು ತಡವಾಗಿದೆ ಎಂಬುದಷ್ಟೇ ಗೊತ್ತು. ಈ ಎಲ್ಲ ಮಕ್ಕಳಿಗೂ ಥೆರಪಿಯಲ್ಲಿ ಬೇಗನೆ ಬರುವ ಪಾಠಗಳಲ್ಲಿ ಆಕಾರ ಗುರುತಿಸುವುದೂ ಒಂದು. ಅದನ್ನು ಮನೆಯಲ್ಲಿ ಹೇಗೆ ಮುಂದುವರಿಸಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ಇಂದು ನೋಡೋಣ.

ಆಕಾರ ಯಾಕೆ ಕಲಿಸಬೇಕು?

"ಮಗುವಿಗೆ ಇನ್ನೂ ಅಮ್ಮ ಎನ್ನಲು ಬರುವುದಿಲ್ಲ, ತ್ರಿಕೋನ ಕಟ್ಟಿಕೊಂಡು ಏನು ಮಾಡಲಿ?" ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಏಳುತ್ತದೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಹೀಗಿದೆ.

ದಿನದ ಎಷ್ಟೋ ಕೆಲಸಗಳು ಆಕಾರವನ್ನು ನೋಡಿ ನಡೆಯುತ್ತವೆ. ಗುಂಡು ಡಬ್ಬಿಗೆ ಗುಂಡು ಮುಚ್ಚಳ, ಚೌಕದ ಡಬ್ಬಿಗೆ ಚೌಕದ ಮುಚ್ಚಳ ಹುಡುಕುವ ಮಗು ಊಟದ ಡಬ್ಬಿಯನ್ನು ತಾನೇ ಮುಚ್ಚಬಲ್ಲದು. ರಸ್ತೆಯ ಫಲಕಗಳನ್ನು ನೋಡಿ: ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆಗೆ, ವೃತ್ತ ಅಪ್ಪಣೆಗೆ ಅಥವಾ ನಿಷೇಧಕ್ಕೆ, ಎಂಟು ಮೂಲೆಯ ಫಲಕ ನಿಲ್ಲುವುದಕ್ಕೆ. ಓದಲು ಬಾರದವನಿಗೂ ಅರ್ಥವಾಗಲಿ ಎಂದೇ ಅವುಗಳಿಗೆ ಬೇರೆ ಬೇರೆ ಆಕಾರ ಕೊಟ್ಟಿದ್ದಾರೆ. ಮುಂದೆ ಅಕ್ಷರ ಕಲಿಯುವಾಗ ‘ರ’ ಮತ್ತು ‘ಠ’ ನಡುವೆ ಇರುವುದು ಒಳಗಿನ ಒಂದು ಚುಕ್ಕಿಯ ಅಂತರ ಎಂಬುದನ್ನು ಕಣ್ಣು ಹಿಡಿಯಬೇಕು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಆಕಾರದ ಪಾಠದಲ್ಲಿ ಮಗು ಮೂರು ಕೆಲಸ ಕಲಿಯುತ್ತದೆ: ನೋಡುವುದು, ಹೋಲಿಸುವುದು, ಆರಿಸುವುದು. ಬಣ್ಣ, ಚಿತ್ರ, ಅಕ್ಷರ, ಹಣ, ಹೀಗೆ ಮುಂದಿನ ಅನೇಕ ಪಾಠಗಳಿಗೆ ಈ ಮೂರೂ ಬೇಕು. ಆದ್ದರಿಂದ ಥೆರಪಿಸ್ಟ್ ಮಗುವಿನ ಮುಂದೆ ಮೂರು ಮರದ ತುಂಡುಗಳನ್ನು ಇಟ್ಟು ಕೂತಿದ್ದರೆ ಅದು ಬರೀ ಆಟವೆಂದು ತಿಳಿಯಬೇಡಿ.

"ಗೊತ್ತು" ಎಂದರೇನು?

ಇಂದಿನ ಮಾತಿನ ತಿರುಳು ಇಲ್ಲಿದೆ. ದಯವಿಟ್ಟು ಗಮನವಿಟ್ಟು ಕೇಳಿ.

ಒಂದು ಮಗುವನ್ನು ಊಹಿಸಿಕೊಳ್ಳಿ. ನಾಲ್ಕು ವರ್ಷ. ಅಂಗಡಿಯಿಂದ ತಂದ ಕಾರ್ಡುಗಳಲ್ಲಿ ಕೆಂಪು ವೃತ್ತ, ನೀಲಿ ಚೌಕ, ಹಳದಿ ತ್ರಿಕೋನ ಇವೆ. ಅಮ್ಮ ದಿನವೂ ಇದೇ ಸಾಲಿನಲ್ಲಿ ಇಟ್ಟು ಕೇಳುತ್ತಾರೆ. ಒಂದು ತಿಂಗಳಲ್ಲಿ ಮಗು ಒಂದೂ ತಪ್ಪುವುದಿಲ್ಲ. ಮನೆಯವರಿಗೆಲ್ಲ ಸಂತೋಷ. ಒಂದು ದಿನ ಚಿಕ್ಕಮ್ಮ ಬಂದು ಹಸಿರು ಕಾಗದದಲ್ಲಿ ಕತ್ತರಿಸಿದ ವೃತ್ತವನ್ನು ತೋರಿಸಿ "ಇದೇನು?" ಎಂದರೆ ಮಗು ಸುಮ್ಮನೆ ಕೂರುತ್ತದೆ. ನೀಲಿ ಬಣ್ಣದ ತಟ್ಟೆ ತೋರಿಸಿದರೆ "ಚೌಕ" ಎನ್ನುತ್ತದೆ.

ಮಗುವಿಗೆ ಮರೆತಿಲ್ಲ. ಅದು ಕಲಿತಿದ್ದು ಬಣ್ಣವನ್ನು. ಅಥವಾ "ಎಡಗಡೆಯದು ವೃತ್ತ" ಎಂದು ಜಾಗವನ್ನು. ಅಥವಾ ಅಮ್ಮನ ಕಣ್ಣು ಯಾವ ಕಾರ್ಡಿನ ಮೇಲೆ ಹೋಗುತ್ತದೋ ಅದನ್ನು ಎತ್ತಬೇಕು ಎಂಬುದನ್ನು. ಮಗು ಬುದ್ಧಿವಂತಿಕೆಯಿಂದಲೇ ಹತ್ತಿರದ ದಾರಿ ಹುಡುಕಿಕೊಂಡಿದೆ. ಆ ದಾರಿಯನ್ನು ತೆರೆದಿಟ್ಟವರು ನಾವು, ದೊಡ್ಡವರು.

ಇದರ ತಿರುವು ಮುರುವು ಕೂಡ ಆಗುತ್ತದೆ. ಮಾತು ಬಾರದ ಮಗು "ಇದೇನು?" ಎಂದಾಗ ಉತ್ತರಿಸುವುದಿಲ್ಲ. "ಇದಕ್ಕೆ ಏನೂ ತಿಳಿಯುವುದಿಲ್ಲ" ಎಂದು ಬರೆದಿಡುತ್ತಾರೆ. ಆದರೆ ಅದೇ ಮಗು ಅಡುಗೆಮನೆಯಲ್ಲಿ ಪ್ರತಿ ಡಬ್ಬಿಗೂ ಸರಿಯಾದ ಮುಚ್ಚಳ ಹಾಕುತ್ತಿರಬಹುದು. ಅದಕ್ಕೆ ಆಕಾರ ಗೊತ್ತು, ಹೆಸರು ಹೇಳಲು ಬಾರದು ಅಷ್ಟೆ.

ಮೊದಲನೆಯ ಮಗುವಿನಲ್ಲಿ ಇಲ್ಲದ ಕಲಿಕೆಯನ್ನು ಕಂಡೆವು, ಎರಡನೆಯದರಲ್ಲಿ ಇರುವ ಕಲಿಕೆಯನ್ನು ಕಾಣಲಿಲ್ಲ. ಎರಡೂ ಕಡೆ ದೋಷ ಇರುವುದು ಕೇಳುವ ರೀತಿಯಲ್ಲಿ. ಇಂತಹ ಲೆಕ್ಕದ ಮೇಲೆ ಶಾಲೆ, ತರಗತಿ, ಥೆರಪಿಯ ಮುಂದಿನ ಹಂತ ನಿರ್ಧಾರವಾಗುತ್ತದೆ, ಮಗುವಿನ ಅಮೂಲ್ಯ ವರ್ಷಗಳು ಅದರ ಮೇಲೆ ಹೋಗುತ್ತವೆ. ಆದ್ದರಿಂದ ಒಂದೇ ನಿಯಮ ನೆನಪಿಡಿ: ಆಕಾರವನ್ನು ನೋಡದೆ ಸರಿ ಉತ್ತರ ಕೊಡಲು ಸಾಧ್ಯವೇ ಇಲ್ಲದ ಹಾಗೆ ಕೇಳಬೇಕು.

ಇನ್ನೂರು ವರ್ಷದ ಹಿಂದಿನ ಪಾಠ

ಈ ತೊಡಕು ಹೊಸದಲ್ಲ. 1800ರಲ್ಲಿ ಫ್ರಾನ್ಸ್ ದೇಶದ ಅವೆರಾನ್ ಪ್ರಾಂತ್ಯದಲ್ಲಿ ಕಾಡಿನಲ್ಲಿ ಒಂಟಿಯಾಗಿ ಬೆಳೆದ ಹುಡುಗನೊಬ್ಬ ಸಿಕ್ಕಿದ. ಸುಮಾರು ಹನ್ನೆರಡು ವರ್ಷ, ಮಾತಿಲ್ಲ. ಪ್ಯಾರಿಸ್ಸಿನ ಯುವ ವೈದ್ಯ ಇಟಾರ್ ಅವನಿಗೆ ವಿಕ್ಟರ್ ಎಂದು ಹೆಸರಿಟ್ಟು ಕಲಿಸಲು ಕೂತರು. ಹಲಗೆಯ ಮೇಲೆ ಕೆಂಪು ವೃತ್ತ, ನೀಲಿ ತ್ರಿಕೋನ, ಕಪ್ಪು ಚೌಕ ಅಂಟಿಸಿ, ಅದೇ ಆಕಾರ ಮತ್ತು ಬಣ್ಣದ ರಟ್ಟಿನ ತುಂಡುಗಳನ್ನು ಕೊಟ್ಟು ಜೋಡಿಸಲು ಹೇಳಿದರು. ವಿಕ್ಟರ್ ಸರಿಯಾಗಿ ಜೋಡಿಸಿದ.

ಇಟಾರ್ ಅಲ್ಲಿಗೆ ತೃಪ್ತರಾಗಲಿಲ್ಲ. ಹುಡುಗ ಜಾಗ ನೆನಪಿಟ್ಟುಕೊಂಡು ಜೋಡಿಸುತ್ತಿರಬಹುದೇ ಎಂದು ಹಲಗೆಯ ಮೇಲಿನ ಜಾಗಗಳನ್ನು ಬದಲಾಯಿಸಿದರು. ಬಣ್ಣ ನೋಡುತ್ತಿರಬಹುದೇ ಎಂದು ಬಣ್ಣದ ಸುಳಿವನ್ನೂ ತೆಗೆದರು. ಇಂದು ನಮ್ಮ ಥೆರಪಿ ಕೋಣೆಗಳಲ್ಲಿ ನಡೆಯುವ ಪರೀಕ್ಷೆಯೂ ಇದೇ.

ಆದರೆ ಅವರ ಕಥೆಯ ಮುಂದಿನ ಭಾಗವನ್ನೂ ಹೇಳಬೇಕು. ಆಕಾರಗಳ ನಡುವಿನ ಅಂತರ ಕಡಿಮೆಯಾಗುತ್ತ, ಪಾಠ ಬೇಗ ಬೇಗ ಕಠಿಣವಾಗುತ್ತ ಹೋದಂತೆ ವಿಕ್ಟರ್ ತಪ್ಪತೊಡಗಿದ, ಸಿಟ್ಟಾದ, ರಟ್ಟುಗಳನ್ನು ಎಸೆದ. ಕೊನೆಗೊಂದು ದಿನ ಇಟಾರ್ ತಾಳ್ಮೆಗೆಟ್ಟು ಅವನನ್ನು ಎತ್ತರದ ಕಿಟಕಿಯ ಹೊರಗೆ ತಲೆಕೆಳಗಾಗಿ ಹಿಡಿದು ಹೆದರಿಸಿದರು. ಹುಡುಗ ನಡುಗುತ್ತ ಬಂದು ರಟ್ಟುಗಳನ್ನು ಜೋಡಿಸಿ, ಆಮೇಲೆ ಹಾಸಿಗೆಗೆ ಬಿದ್ದು ಅತ್ತ. ಇದನ್ನು ಇಟಾರ್ ಅವರೇ ತಮ್ಮ ವರದಿಯಲ್ಲಿ ಬರೆದಿದ್ದಾರೆ.

ಅವರ ಸೂಕ್ಷ್ಮ ಪರೀಕ್ಷೆಯನ್ನು ನಾವು ಉಳಿಸಿಕೊಳ್ಳೋಣ, ಕಿಟಕಿಯನ್ನು ಬಿಡೋಣ. ಮಗು ಕಾರ್ಡು ಎಸೆದರೆ "ಪಾಠ ಕಷ್ಟವಾಯಿತು" ಎಂದು ಅದು ತನಗೆ ತಿಳಿದ ಭಾಷೆಯಲ್ಲಿ ಹೇಳಿದೆ ಎಂದು ತಿಳಿಯಿರಿ. ಒಂದು ಮೆಟ್ಟಿಲು ಹಿಂದಕ್ಕೆ ಇಳಿಯಿರಿ. ವರ್ತನಾ ಚಿಕಿತ್ಸೆಯ ಆರಂಭದ ದಶಕಗಳಲ್ಲೂ ಗದರಿಸುವುದು, ಹೊಡೆಯುವುದು ಕೆಲವೆಡೆ ನಡೆದಿತ್ತು. ಇಂದು ಅದನ್ನು ಯಾವ ಒಳ್ಳೆಯ ಥೆರಪಿಸ್ಟೂ ಒಪ್ಪುವುದಿಲ್ಲ. ಹೊಡೆದು, ಊಟ ತಡೆದು, ಕತ್ತಲೆ ಕೋಣೆಯಲ್ಲಿ ಕೂರಿಸಿ ಕಲಿಸುತ್ತೇವೆ ಎನ್ನುವವರ ಬಳಿ ಮಗುವನ್ನು ಬಿಡಬೇಡಿ.

ಇಟಾರ್ ಅವರ ದಾರಿಯಲ್ಲೇ ಮುಂದೆ ಸೆಗ್ಯೂ ಎಂಬವರು ನಡೆದರು. ಮರದ ಹಲಗೆಯಲ್ಲಿ ಹತ್ತು ಗುಳಿ, ಅವುಗಳಿಗೆ ಸರಿಹೊಂದುವ ಹತ್ತು ತುಂಡು ಇರುವ ‘ಸೆಗ್ಯೂ ಫಾರ್ಮ್ ಬೋರ್ಡ್’ ಅವರ ಹೆಸರಿನಲ್ಲಿದೆ. ತಮ್ಮ ಮಗುವಿನ ಪರೀಕ್ಷೆಯ ದಿನ ಮನಃಶಾಸ್ತ್ರಜ್ಞರ ಮೇಜಿನ ಮೇಲೆ ತಾವು ಇದನ್ನು ಕಂಡಿರಬಹುದು. ಮೂರು ಸಲ ಮಾಡಿಸಿ, ಎಲ್ಲಕ್ಕಿಂತ ಕಡಿಮೆ ಸಮಯವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಭಾರತೀಯ ಮಕ್ಕಳಿಗೆ ಹೊಂದುವ ಇದರ ಮಾನದಂಡಗಳನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಜೆ. ಭರತ್ ರಾಜ್ ಅವರು 1971ರಲ್ಲಿ ಪ್ರಕಟಿಸಿದರು. ಒಂದು ಸೂಚನೆ: ಪರೀಕ್ಷೆಯ ಈ ಹಲಗೆಯನ್ನೇ ಕೊಂಡು ತಂದು ಮನೆಯಲ್ಲಿ ಅಭ್ಯಾಸ ಮಾಡಿಸಬೇಡಿ. ಹಾಗೆ ಮಾಡಿದರೆ ಮುಂದಿನ ಪರೀಕ್ಷೆಯ ಅಂಕ ಏರುತ್ತದೆ, ಮಗುವಿನ ನಿಜವಾದ ಸ್ಥಿತಿ ಮರೆಯಾಗುತ್ತದೆ. ಬೇರೆ ವಸ್ತುಗಳಿಂದ ಕಲಿಸಿ.

ಇಟಾರ್, ಸೆಗ್ಯೂ ಇಬ್ಬರ ಬರಹಗಳನ್ನೂ ಓದಿಕೊಂಡು ತಮ್ಮ ಶಿಕ್ಷಣ ಕ್ರಮ ರೂಪಿಸಿದವರು ಮಾರಿಯಾ ಮಾಂಟೆಸ್ಸರಿ. 1939ರಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಆಕಾರದ ಅಂಚಿನ ಮೇಲೆ ಮಗುವಿನ ಬೆರಳು ಆಡಿಸುವ ಪದ್ಧತಿ ಅವರದು. ಅದನ್ನು ನಾವೂ ಬಳಸೋಣ.

ಪಾಠಕ್ಕೆ ಮೊದಲು

ಕಣ್ಣು ಮತ್ತು ಕಿವಿಯ ಪರೀಕ್ಷೆ ಆಗಿದೆಯೇ ನೋಡಿ. ಕಾಣದ, ಕೇಳದ ಮಗುವನ್ನು "ಗಮನವಿಲ್ಲ" ಎನ್ನುವುದು ಅನ್ಯಾಯ.

ವಸ್ತುಗಳಿಗೆ ಹಣ ಸುರಿಯಬೇಕಾಗಿಲ್ಲ. ಹಳೆಯ ಲಗ್ನಪತ್ರಿಕೆ, ಸೀರೆಯ ಪೆಟ್ಟಿಗೆಯ ರಟ್ಟು ಸಾಕು. ಪ್ರತಿ ಆಕಾರವನ್ನೂ ಅಂಗೈಯಷ್ಟು ಅಗಲಕ್ಕೆ ಎರಡೆರಡು ಕತ್ತರಿಸಿ. ಮೊದಲಿಗೆ ಎಲ್ಲವೂ ಒಂದೇ ಬಣ್ಣದಲ್ಲಿ, ಒಂದೇ ಅಳತೆಯಲ್ಲಿ ಇರಲಿ. ಆಗ ಬಣ್ಣದ ಅಡ್ಡದಾರಿ ತಾನಾಗಿ ಮುಚ್ಚುತ್ತದೆ. ಬಾಯಿಗೆ ಹಾಕಿಕೊಳ್ಳುವ ಮಗುವಿಗೆ ಚಿಕ್ಕ ತುಂಡು, ಗುಂಡಿ, ಮಣಿ ಕೊಡಬೇಡಿ.

ಮೊದಲು ವೃತ್ತ ಮತ್ತು ತ್ರಿಕೋನ ತೆಗೆದುಕೊಳ್ಳಿ. ಎರಡೂ ಒಂದನ್ನೊಂದು ಹೋಲುವುದಿಲ್ಲ. ಆಮೇಲೆ ಚೌಕ. ಚೌಕದ ಪಕ್ಕದಲ್ಲಿ ಆಯತ, ವೃತ್ತದ ಪಕ್ಕದಲ್ಲಿ ಮೊಟ್ಟೆಯಾಕಾರ ಇಡುವುದು ತೀರಾ ಕೊನೆಗೆ.

ಮಗುವಿಗೆ ನಿಜವಾಗಿ ಇಷ್ಟವಾದದ್ದು ಏನೆಂದು ಪಟ್ಟಿ ಮಾಡಿ. ಒಂದು ಮಗುವಿಗೆ ಕಡಲೆಪುರಿ, ಇನ್ನೊಂದಕ್ಕೆ ಉಯ್ಯಾಲೆ, ಮತ್ತೊಂದಕ್ಕೆ ಸೋಪಿನ ಗುಳ್ಳೆ. ಸರಿ ಉತ್ತರ ಬಂದ ಕೂಡಲೇ, ತಡಮಾಡದೆ, ಸ್ವಲ್ಪವೇ ಕೊಡಿ. ಜೊತೆಗೆ "ಭೇಷ್, ವೃತ್ತ ಕೊಟ್ಟೆ!" ಎಂದು ಹೇಳಿ. ಯಾವುದಕ್ಕೆ ಮೆಚ್ಚುಗೆ ಎಂಬುದು ಮಗುವಿಗೆ ತಿಳಿಯಬೇಕು. ದಿನ ಕಳೆದಂತೆ ತಿಂಡಿ ಕಡಿಮೆ ಮಾಡಿ ಮೆಚ್ಚುಗೆ ಉಳಿಸಿಕೊಳ್ಳಿ.

ಒಂದು ಸಲಕ್ಕೆ ಮೂರರಿಂದ ಐದು ನಿಮಿಷ ಸಾಕು. ದಿನಕ್ಕೆ ಮೂರು ನಾಲ್ಕು ಸಲ ಮಾಡಿ. ಹಸಿವು, ನಿದ್ದೆ, ಜ್ವರ ಇರುವಾಗ ಬೇಡ. ಎಲ್ಲವನ್ನೂ ತಾಯಿಯ ತಲೆಗೆ ಕಟ್ಟಬೇಡಿ. ಸಂಜೆಯ ಐದು ನಿಮಿಷ ತಂದೆಯದಾಗಲಿ.

ನಾಲ್ಕು ಮೆಟ್ಟಿಲು

*ಮೊದಲನೆಯದು, ಜೋಡಿಸುವುದು.* ಮೇಜಿನ ಮೇಲೆ ಒಂದು ವೃತ್ತ ಇಡಿ. ಮಗುವಿನ ಕೈಗೆ ಇನ್ನೊಂದು ವೃತ್ತ ಕೊಟ್ಟು "ಜೋಡಿಸು" ಎನ್ನಿ. ತಿಳಿಯದಿದ್ದರೆ ಕೈಯನ್ನು ಮೃದುವಾಗಿ ಹಿಡಿದು ಮಾಡಿಸಿ. ಮುಂದಿನ ಸಲ ಮೊಣಕೈ ಮುಟ್ಟಿ ಸಾಕು ಮಾಡಿ. ಅದರ ಮುಂದಿನ ಸಲ ಬೆರಳು ತೋರಿಸಿ. ಕೊನೆಗೆ ಏನೂ ಮಾಡಬೇಡಿ, ಕಾಯಿರಿ. ಸಹಾಯವನ್ನು ಹೀಗೆ ಹಂತಹಂತವಾಗಿ ಹಿಂದೆಗೆಯುವುದೇ ಕಲಿಸುವವರ ಮುಖ್ಯ ಕೆಲಸ. ಕೈ ಹಿಡಿಯುವುದನ್ನು ಮಗು ಇಷ್ಟಪಡದಿದ್ದರೆ ಬಲವಂತ ಬೇಡ, ನೀವು ಮಾಡಿ ತೋರಿಸಿ. ಒಂದು ಆಕಾರ ಬಂದ ಮೇಲೆ ವೃತ್ತ ಮತ್ತು ತ್ರಿಕೋನ ಎರಡನ್ನೂ ಇಟ್ಟು ಜೋಡಿಸಲು ಹೇಳಿ.

*ಎರಡನೆಯದು, ಕೇಳಿ ಆರಿಸುವುದು.* ಎರಡು ಆಕಾರ ಇಟ್ಟು "ವೃತ್ತ ಕೊಡು" ಎನ್ನಿ. ಪ್ರತಿ ಸಲವೂ ಜಾಗ ಬದಲಾಗಲಿ. ಎಡ, ಬಲ, ಎಡ, ಬಲ ಎಂದು ಸರದಿ ಹಿಡಿದರೆ ಮಗು ಸರದಿಯನ್ನೇ ಕಲಿಯುತ್ತದೆ. ಎರಡು ಸಲ ಎಡ, ಒಂದು ಸಲ ಬಲ, ಮತ್ತೆ ಎಡ, ಹೀಗೆ ಊಹಿಸಲಾಗದಂತೆ ಇಡಿ. ಕೇಳುವಾಗ ಕಣ್ಣು ಮಗುವಿನ ಮುಖದ ಮೇಲಿರಲಿ, ಕಾರ್ಡಿನ ಮೇಲೆ ಬೇಡ. ಎರಡೇ ಕಾರ್ಡು ಇದ್ದಾಗ ಕಣ್ಣುಮುಚ್ಚಿ ಎತ್ತಿದರೂ ಅರ್ಧದಷ್ಟು ಸರಿಯಾಗುತ್ತದೆ ಎಂಬುದನ್ನು ಮರೆಯಬೇಡಿ. ಆದ್ದರಿಂದ ಬೇಗನೆ ಮೂರಕ್ಕೆ ಹೋಗಿ.

*ಮೂರನೆಯದು, ಹೆಸರಿಸುವುದು.* "ಇದೇನು?" ಎಂದು ಕೇಳಿ. ಮಾತು ಇರುವ ಮಗು ಹೇಳಲಿ. ಮಾತು ಇಲ್ಲದ ಮಗು ಕೈಸನ್ನೆ ಮಾಡಲಿ, ಚಿತ್ರ ತೋರಿಸಲಿ. ಅದೂ ಪೂರ್ಣ ಉತ್ತರವೇ. ಮಾತು ಬರಲಿಲ್ಲವೆಂದು ಇಡೀ ಪಾಠವನ್ನು ಇಲ್ಲೇ ನಿಲ್ಲಿಸಬೇಡಿ. ಹಾಡಿನಂತೆ "ಸರ್ಕಲ್, ಸ್ಕ್ವೇರ್, ಟ್ರಯಾಂಗಲ್" ಎಂದು ಒಂದೇ ಉಸಿರಿಗೆ ಹೇಳುವುದನ್ನು ಹೆಸರಿಸುವುದು ಎಂದು ಎಣಿಸಬೇಡಿ.

*ನಾಲ್ಕನೆಯದು, ಎಲ್ಲೆಡೆ ಗುರುತಿಸುವುದು.* ಇದನ್ನು ಬಿಟ್ಟರೆ ಮೊದಲ ಮೂರೂ ವ್ಯರ್ಥ. ಈಗ ಬಣ್ಣ ಬದಲಾಯಿಸಿ, ಅಳತೆ ಬದಲಾಯಿಸಿ, ರಟ್ಟಿನ ಬದಲು ಬಟ್ಟೆ, ಮರ, ಚಪಾತಿ ಹಿಟ್ಟು ಬಳಸಿ. ತ್ರಿಕೋನವನ್ನು ತಲೆಕೆಳಗು ಮಾಡಿ ಇಡಿ. ಯಾವ ತೊಂದರೆಯೂ ಇಲ್ಲದ ಚಿಕ್ಕ ಮಕ್ಕಳು ಕೂಡ ತುದಿ ಕೆಳಗಾದ ತ್ರಿಕೋನವನ್ನು "ತ್ರಿಕೋನವಲ್ಲ" ಎನ್ನುವುದುಂಟು. ಕೇಳುವವರನ್ನೂ ಬದಲಾಯಿಸಿ: ಇಂದು ಅಜ್ಜಿ, ನಾಳೆ ಅಕ್ಕ. ಕೂರುವ ಜಾಗವನ್ನೂ ಬದಲಾಯಿಸಿ.

ಚಿತ್ರ ಬಿಡಿಸುವುದು ಇದರ ನಂತರದ ಕೆಲಸ. ಸಾಮಾನ್ಯವಾಗಿ ಮಕ್ಕಳು ಮೂರು ವರ್ಷದ ಹೊತ್ತಿಗೆ ವೃತ್ತವನ್ನು, ನಾಲ್ಕಕ್ಕೆ ಕೂಡಿಸುವ ಚಿಹ್ನೆಯಂತಹ ಗೆರೆಗಳನ್ನು, ನಾಲ್ಕೂವರೆಯಿಂದ ಐದರೊಳಗೆ ಚೌಕವನ್ನು, ಐದರ ಸುಮಾರಿಗೆ ತ್ರಿಕೋನವನ್ನು ನೋಡಿ ಬಿಡಿಸುತ್ತಾರೆ. ಗುರುತಿಸುವುದು ಯಾವಾಗಲೂ ಬಿಡಿಸುವುದಕ್ಕಿಂತ ಮೊದಲು ಬರುತ್ತದೆ. ಪೆನ್ಸಿಲ್ ಹಿಡಿಯಲಾರದ ಮಗುವಿಗೆ ಆಕಾರ ತಿಳಿಯದು ಎಂದು ತೀರ್ಮಾನಿಸಬೇಡಿ.

ಯಾವ ಭಾಷೆಯಲ್ಲಿ ಹೇಳಬೇಕು?

ದಂಡು ಪ್ರದೇಶದ ಮನೆಗಳಲ್ಲಿ ಇದು ದೊಡ್ಡ ಪ್ರಶ್ನೆ. ಅಮ್ಮ "ವಟ್ಟಂ" ಎನ್ನುತ್ತಾರೆ, ಪಕ್ಕದ ಮನೆಯವರು "ಗೋಲ್" ಎನ್ನುತ್ತಾರೆ, ಅಂಗನವಾಡಿಯಲ್ಲಿ "ವೃತ್ತ", ಇಂಗ್ಲಿಷ್ ಶಾಲೆಯಲ್ಲಿ "ಸರ್ಕಲ್", ಅಜ್ಜ "ಗುಂಡಗಿರೋದು" ಎನ್ನುತ್ತಾರೆ. ಎರಡು ಮೂರು ಭಾಷೆ ಕೇಳಿದ್ದರಿಂದ ಆಟಿಸಂ ಬರುವುದಿಲ್ಲ, ಮನೆಮಾತನ್ನು ಬಿಡಬೇಕಾಗಿಯೂ ಇಲ್ಲ. ಆದರೆ ಪಾಠದ ಆರಂಭದಲ್ಲಿ ಒಂದು ಆಕಾರಕ್ಕೆ ಒಂದೇ ಹೆಸರು ಇರಲಿ. ಮಗುವಿನ ಜೊತೆ ಹೆಚ್ಚು ಹೊತ್ತು ಇರುವವರು ಯಾವ ಪದ ಬಳಸುತ್ತಾರೋ ಅದನ್ನು ಆರಿಸಿಕೊಳ್ಳಿ. ಥೆರಪಿಸ್ಟ್‌ಗೆ ತಿಳಿಸಿ, ಅವರೂ ಅದನ್ನೇ ಬಳಸಲಿ. ಒಂದು ಪದ ಗಟ್ಟಿಯಾದ ಮೇಲೆ ಎರಡನೆಯದನ್ನು ಸೇರಿಸಿ.

ಮನೆಯಲ್ಲಿ, ಬೀದಿಯಲ್ಲಿ

ಮೇಜಿನ ಪಾಠ ಬದುಕಿಗೆ ಇಳಿಯಬೇಕಾದರೆ ಹೊರಗೆ ಹೋಗಲೇಬೇಕು. ಮನೆಯಲ್ಲಿ ವೃತ್ತಕ್ಕೆ ತಟ್ಟೆ, ಬಳೆ, ಹಪ್ಪಳ, ದೋಸೆ ಇವೆ. ಚೌಕಕ್ಕೆ ಕರ್ಚೀಫು, ಕೇರಂ ಬೋರ್ಡು, ನೆಲದ ಟೈಲ್ಸು. ತ್ರಿಕೋನ ಮನೆಯಲ್ಲಿ ಕಡಿಮೆ, ಚಪಾತಿಯನ್ನು ಮಡಿಸಿಯೋ ಬ್ರೆಡ್ಡನ್ನು ಓರೆಯಾಗಿ ಕತ್ತರಿಸಿಯೋ ಮಾಡಿಕೊಳ್ಳಬೇಕು. ಶಿವಾಜಿನಗರದ ಕಡೆಯ ಚಪ್ಪಟೆ ಈರುಳ್ಳಿ ಸಮೋಸವೂ ಆದೀತು. ಮಗು ಗುರುತಿಸಿದ ಮೇಲೆ ಅದನ್ನೇ ತಿನ್ನಲು ಕೊಟ್ಟರೆ ಬಹುಮಾನವೂ ಆಯಿತು.

ಮೆಟ್ರೋದಲ್ಲಿ ಬರುವವರು ಗುಂಡಗಿನ ಟೋಕನ್ ತೆಗೆದುಕೊಂಡರೆ ಅದನ್ನು ಮಗುವಿನ ಕೈಗೆ ಕೊಟ್ಟು ಅಂಚಿನ ಮೇಲೆ ಬೆರಳು ಆಡಿಸಲು ಹೇಳಿ, ಇಳಿದ ಮೇಲೆ ಗೇಟಿನಲ್ಲಿ ಅದೇ ಹಾಕಲಿ. ಕೆ.ಆರ್.ಪುರದ ತೂಗುಸೇತುವೆಯ ಕಂಬದ ತುದಿಯಿಂದ ಇಳಿದು ಬರುವ ಕೇಬಲ್‌ಗಳು, ಕಂಬ, ರಸ್ತೆ ಮೂರೂ ಸೇರಿ ದೊಡ್ಡ ತ್ರಿಕೋನವಾಗುವುದನ್ನು ಬಸ್ಸಿನ ಕಿಟಕಿಯಿಂದ ತೋರಿಸಬಹುದು. ಆದರೆ ಅಷ್ಟು ದೊಡ್ಡದು, ಮುಟ್ಟಲಾಗದ್ದು, ಸಂಚಾರದ ಗದ್ದಲದ ನಡುವಿನದು ಕೊನೆಯ ಹಂತದ ಪಾಠ. ರಸೆಲ್ ಮಾರುಕಟ್ಟೆಯ ಸದ್ದು, ಜನಸಂದಣಿ ಕೆಲವು ಮಕ್ಕಳಿಗೆ ತಡೆಯಲಾಗದಷ್ಟು ಹಿಂಸೆ ಕೊಡುತ್ತದೆ. ಅಂತಹ ಕಡೆ ಪಾಠ ಬೇಡ. ಬೆಳಗಿನ ಹೊತ್ತು ಶಾಂತವಾಗಿರುವ ಒಂದು ಉದ್ಯಾನ, ಪರಿಚಯದ ಒಂದು ಅಂಗಡಿ ಸಾಕು.

ಬರೆದಿಡಿ

ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ದಿನಾಂಕ, ಆಕಾರ, ಹತ್ತು ಸಲದಲ್ಲಿ ಎಷ್ಟು ಸರಿ, ಯಾರು ಕೇಳಿದರು, ಯಾವ ವಸ್ತು ಎಂದು ಬರೆಯಿರಿ. ಸಹಾಯ ಕೊಟ್ಟು ಬಂದ ಉತ್ತರವನ್ನು ಬೇರೆ ಗುರುತಿನಿಂದ ತೋರಿಸಿ. ಹತ್ತರಲ್ಲಿ ಎಂಟೋ ಒಂಬತ್ತೋ ಸಹಾಯವಿಲ್ಲದೆ, ಮೂರು ದಿನ ಸತತವಾಗಿ, ಇಬ್ಬರು ಬೇರೆ ಬೇರೆ ಜನ ಕೇಳಿದಾಗ, ಎಂದೂ ನೋಡದ ಹೊಸ ವಸ್ತುವಿನಲ್ಲೂ ಸರಿ ಬಂದರೆ, ಆಗ "ಈ ಆಕಾರ ಬಂತು" ಎನ್ನಿ. ಒಂದು ವಾರ ಅಂಕ ಏರದಿದ್ದರೆ ಮಗುವನ್ನು ಬಯ್ಯಬೇಡಿ, ಪುಸ್ತಕವನ್ನು ಥೆರಪಿಸ್ಟ್ ಬಳಿ ತನ್ನಿ. ಬದಲಾಗಬೇಕಾದದ್ದು ಪಾಠ.

ಪೋಷಕರು ಕೇಳುವ ಕೆಲವು ಪ್ರಶ್ನೆಗಳು

*ತಪ್ಪು ಉತ್ತರ ಕೊಟ್ಟರೆ ಏನು ಮಾಡಬೇಕು?* "ಅಲ್ಲ, ತಪ್ಪು" ಎಂದು ಕೂಗಬೇಡಿ. ಮುಖಭಾವ ಬದಲಿಸದೆ ಕಾರ್ಡುಗಳನ್ನು ತೆಗೆದು ಮತ್ತೆ ಇಡಿ, ಕೂಡಲೇ ಸಹಾಯ ಕೊಟ್ಟು ಸರಿ ಮಾಡಿಸಿ, ಆಮೇಲೆ ಇನ್ನೊಮ್ಮೆ ಸಹಾಯವಿಲ್ಲದೆ ಕೇಳಿ. ಕೆಲವು ಮಕ್ಕಳಿಗೆ ದೊಡ್ಡವರ ಸಿಟ್ಟಿನ ಮುಖವೇ ತಮಾಷೆಯಾಗಿ, ಬೇಕೆಂದೇ ತಪ್ಪು ಕೊಡುವುದೂ ಉಂಟು.

*ಮೊಬೈಲಿನಲ್ಲಿ ಆಕಾರದ ಆಟಗಳಿವೆ, ಸಾಲದೇ?* ಪರದೆಯ ಮೇಲಿನ ವೃತ್ತವನ್ನು ಹಿಡಿಯಲಾಗದು, ತಿರುಗಿಸಲಾಗದು. ತಪ್ಪಾದರೂ ಬಣ್ಣ, ಸದ್ದು ಬರುವ ಆಟದಲ್ಲಿ ಮಗು ಸದ್ದಿಗಾಗಿ ಒತ್ತುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ದೂರದ ಬಂಧುಗಳೊಡನೆ ವಿಡಿಯೋ ಕರೆ ಬಿಟ್ಟರೆ ಪರದೆಯೇ ಬೇಡ, ಐದು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಸೂಚಿಸಿದೆ.

*ಎಷ್ಟು ದಿನದಲ್ಲಿ ಬರುತ್ತದೆ?* ಒಂದು ಮಗುವಿಗೆ ಎರಡು ವಾರ, ಇನ್ನೊಂದಕ್ಕೆ ಆರು ತಿಂಗಳು. "ಇಷ್ಟು ದಿನದಲ್ಲಿ ಗುಣಪಡಿಸುತ್ತೇವೆ" ಎಂದು ಹಣ ಕೇಳುವವರನ್ನು ನಂಬಬೇಡಿ. ಆಟಿಸಂ ಔಷಧಿ ಕೊಟ್ಟು ವಾಸಿಮಾಡುವ ಕಾಯಿಲೆಯಲ್ಲ. ಆದರೆ ಸರಿಯಾದ ಕಲಿಸುವಿಕೆಯಿಂದ ಮಗು ಮಾಡಬಲ್ಲ ಕೆಲಸಗಳು ಹೆಚ್ಚುತ್ತವೆ.

*ಆಕಾರ ಬಾರದಿದ್ದರೆ ಮಾತು ಬರುವುದಿಲ್ಲವೇ?* ಹಾಗೇನಿಲ್ಲ. ಒಂದಕ್ಕಾಗಿ ಇನ್ನೊಂದನ್ನು ತಡೆಹಿಡಿಯಬೇಡಿ. ನೀರು ಬೇಕೆಂದು ಕೇಳುವುದು, ಶೌಚದ ಅಭ್ಯಾಸ, ರಸ್ತೆಯಲ್ಲಿ ಕೈಹಿಡಿದು ನಡೆಯುವುದು, ಇವು ಆಕಾರಕ್ಕಿಂತ ಮೊದಲು ಬರಬೇಕಾದ ಪಾಠಗಳು.

ಸಹಾಯ ಎಲ್ಲಿದೆ?

ನಮ್ಮ ಊರಿನಲ್ಲಿ ದಾರಿ ತೋರಿಸುವ ಸಂಸ್ಥೆಗಳು ಹಲವಿವೆ. ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಿಂದ ಕೆಲಸ ಮಾಡುತ್ತಿದೆ. ಚಿಕ್ಕ ಮಕ್ಕಳಿಗೆ ಮಾತು, ಚಲನೆ, ಕಲಿಕೆ ಮೂರನ್ನೂ ಒಟ್ಟಿಗೆ ನೋಡುವ ‘ಕಾಮ್ ಡೀಲ್’ ಕಾರ್ಯಕ್ರಮವನ್ನು ಡಾ. ಪ್ರತಿಭಾ ಕಾರಂತ್ ಅವರು 2000ದಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದರು. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಬೆಳವಣಿಗೆಯನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಅದರ ತಂಡ ಬಂದಾಗ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ, ಮುಂದೆ ಕೂರಿಸಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಕೂಡ ಸೇರಿದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಪಡೆದ, 6ರಿಂದ 18 ವರ್ಷದೊಳಗಿನ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ, ಪೋಷಕರು ಬಯಸಿದರೆ ವಿಶೇಷ ಶಾಲೆಯಲ್ಲಾಗಲಿ, ಉಚಿತ ಶಿಕ್ಷಣದ ಹಕ್ಕಿದೆ. ವೃತ್ತ, ಚೌಕ ಹೇಳಲು ಬಾರದು ಎಂಬುದು ಶಾಲೆಯ ಬಾಗಿಲು ಮುಚ್ಚಲು ಕಾರಣವಾಗಕೂಡದು. ಈ ಮಾತನ್ನು ಶಾಲೆಯವರ ಮುಂದೆ ವಿನಯದಿಂದ, ಆದರೆ ಧೈರ್ಯವಾಗಿ ಹೇಳಿ.

ನಾಳೆ ಬೆಳಿಗ್ಗೆ ತಾವು ಮಾಡಬೇಕಾದ ಕೆಲಸ ಚಿಕ್ಕದು. ಎರಡು ವೃತ್ತ, ಎರಡು ತ್ರಿಕೋನ, ಒಂದೇ ಬಣ್ಣದ ರಟ್ಟಿನಲ್ಲಿ ಕತ್ತರಿಸಿ. ಐದು ನಿಮಿಷ ಕೂರಿ. ಎಷ್ಟು ಸರಿ ಬಂತು ಎಂದು ಬರೆಯಿರಿ. ಮುಂದಿನ ಬಾರಿ ಬರುವಾಗ ಆ ಪುಸ್ತಕವನ್ನು ತಪ್ಪದೆ ತನ್ನಿ, ಕೂತು ಒಟ್ಟಿಗೆ ನೋಡೋಣ.